ಬಿಸಿಲಿಗಿಟ್ಟ ಬಾಟಲಿಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ಮನೆಯಲ್ಲೂ ಗೊತ್ತು, ಕಚೇರಿಯಲ್ಲೂ ಗೊತ್ತು. ಇಪ್ಪತ್ತೆರಡು ವರ್ಷ ಬೀದಿ ಬೀದಿ ಅಲೆದು ಹಾಲಿನ ಮಾದರಿ ತೆಗೆದ ಮೇಲೂ ತಣ್ಣಗಿದ್ದೇನೆ ಎನ್ನುವವರು ಯಾರಾದರೂ ಇದ್ದರೆ, ಅವರು ಆ ಕೆಲಸವನ್ನು ಕುರ್ಚಿಯಲ್ಲಿ ಕೂತು ಮಾಡಿರಬೇಕು. ನಾನು ಆಹಾರ ತಪಾಸಣೆ ಕಚೇರಿಯ ಇನ್ಸ್‌ಪೆಕ್ಟರ್. ನನ್ನ ಪಾಲಿಗೆ ಬಂದ ಬೀದಿಗಳಲ್ಲಿ ಹನ್ನೊಂದು ಜನ ಹಾಲು ಮಾರುವವರು. ಬೆನ್ನ ಹಿಂದೆ ಅವರು ನನ್ನನ್ನು ‘ಒಣಬಾಟಲಿ’ ಎನ್ನುತ್ತಿದ್ದರು. ಅವರಿಗೆ ಅದು ಬೈಗುಳ, ನನಗೆ ಬಿರುದು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬನನ್ನು ಹಿಡಿದಿದ್ದೆ. ಅವನ ಹಾಲಿನಲ್ಲಿ ಕಾಲುಭಾಗ ನೀರು. ಮಾದರಿಯನ್ನು ಬಾಟಲಿಗೆ ತುಂಬಿ, ದಾರ ಸುತ್ತಿ, ಅರಗಿನ ಮೊಹರು ಒತ್ತಿ, ಪ್ರಯೋಗಾಲಯಕ್ಕೆ ಕಳಿಸಿ, ಎಲ್ಲ ಕ್ರಮವಾಗಿಯೇ ಮಾಡಿದ್ದೆ. ವಿಚಾರಣೆಯ ದಿನ ಅವನ ವಕೀಲ ಎದ್ದು ನಿಂತು, "ಬಾಟಲಿ ತೊಳೆದಿದ್ರಿ ತಾನೇ? ಒಣಗಿತ್ತಾ?" ಎಂದು ಕೇಳಿದ. ತೊಳೆದವನು ಕಚೇರಿಯ ಜವಾನ, ನಾನು ಒಳಗೆ ನೋಡಿರಲಿಲ್ಲ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಗೊತ್ತಿಲ್ಲ" ಎಂದೆ. "ಹಾಗಾದ್ರೆ ಆ ನೀರು ಹಾಲಿಂದಲ್ಲ ಸ್ವಾಮಿ, ಬಾಟಲಿದು" ಎಂದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಬಾಟಲಿಯ ತಳದಲ್ಲಿ ಕಾಲುಭಾಗ ನೀರು ಎಲ್ಲಿಂದ ಬಂದೀತು ಎಂದು ಒಬ್ಬರೂ ಕೇಳಲಿಲ್ಲ.

ಅವತ್ತಿನಿಂದ ಬಾಟಲಿ ತೊಳೆಯುವ ಕೆಲಸ ನನ್ನದಾಯಿತು. ಮಾದರಿ ತೆಗೆಯುವ ಹಿಂದಿನ ದಿನ ಆರು ಬಾಟಲಿ ಮನೆಗೆ ತರುವುದು, ಸೋಡಾಪುಡಿ ಹಾಕಿ ಉಜ್ಜುವುದು, ಬಿಸಿನೀರಲ್ಲಿ ಮೂರು ಸಲ ಜಾಲಿಸುವುದು, ಬಿಳೀ ಬಟ್ಟೆ ಹಾಸಿ ಅದರ ಮೇಲೆ ಬಾಯಿ ಕೆಳಗೆ ಮಾಡಿ ಬಿಸಿಲಿಗಿಡುವುದು. ಸಂಜೆ ಬಟ್ಟೆ ಮುಟ್ಟಿ ನೋಡುವುದು. ಎಲ್ಲಾದರೂ ಚೂರು ತೇವ ಕೈಗೆ ತಗುಲಿತೋ, ಮತ್ತೆ ಮೊದಲಿಂದ. ಕಚೇರಿಯವರು ನಕ್ಕರು, ಹಾಲಿನವರು ಹೆಸರಿಟ್ಟರು. ನಾನು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಮೊದಲು ಬಾಟಲಿಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದೆ. ಅದು ಹಿಂಬದಿಗೆ ತೆರೆಯುವ ಕಿಟಕಿ, ಅಲ್ಲಿಂದ ಪಕ್ಕದ ಮನೆಯ ಗೋಡೆ ಬಿಟ್ಟರೆ ಬೇರೇನೂ ಕಾಣದು. ಎರಡನೆಯ ವರ್ಷ ಒಂದು ಹಾಲಿನ ಅಂಗಡಿಯ ಮೆಟ್ಟಿಲ ಮೇಲೆ ಯಾರೋ ಹಿಂದಿನಿಂದ ತಳ್ಳಿದರು. ಎಡಗೈ ಮಣಿಕಟ್ಟು ಮುರಿಯಿತು. ಚಳಿ ಬಿದ್ದರೆ ಈಗಲೂ ಆ ಕೈಯಲ್ಲಿ ತುಂಬಿದ ಪಾತ್ರೆ ಎತ್ತಲಾಗುವುದಿಲ್ಲ. ಆಗ ನಾನು ಒಂದೇ ಕೈಯಲ್ಲಿ ತೊಳೆದುಕೊಟ್ಟ ಬಾಟಲಿಗಳನ್ನು ಕಿಟಕಿಗೆ ಒಯ್ದಿಡುವ ಕೆಲಸ ನಮ್ಮವರು ವಹಿಸಿಕೊಂಡರು. "ಮುಂದಿನ ಕೋಣೆ ಕಿಟಕೀಲಿ ಬಿಸಿಲು ಚೆನ್ನಾಗಿ ಬರುತ್ತೆ ಕಣೇ. ಇನ್ಮೇಲೆ ಅಲ್ಲೇ ಇಡ್ತೀನಿ" ಎಂದರು. ನನ್ನ ಕೆಲಸವನ್ನು ಅಷ್ಟು ಅಕ್ಕರೆಯಿಂದ ನೋಡಿದ ಗಂಡ ಯಾರಿಗೆ ಸಿಗುತ್ತಾನೆ ಎಂದು ಉಬ್ಬಿಹೋದೆ. ಕೈ ವಾಸಿಯಾದ ಮೇಲೂ ಬಾಟಲಿಗಳು ಅಲ್ಲೇ ಉಳಿದವು, ಬೀದಿಗೆ ತೆರೆಯುವ ಕಿಟಕಿಯಲ್ಲಿ.

ನಮ್ಮವರು ಟೆಲಿಫೋನ್ ಕಚೇರಿಯಲ್ಲಿದ್ದು ನಿವೃತ್ತರಾದವರು. ಯಾರ ಹತ್ತಿರವೂ ಮನಸ್ಸು ಕೆಡಿಸಿಕೊಳ್ಳದ ಮನುಷ್ಯ. ಬೀದಿಯಲ್ಲಿ ನಡೆದರೆ ಹತ್ತು ಜನ ನಿಲ್ಲಿಸಿ ಮಾತಾಡಿಸುತ್ತಾರೆ. ನನ್ನನ್ನು ಕಂಡರೆ ಅದೇ ಹತ್ತು ಜನ ಇನ್ನೊಂದು ಬದಿಗೆ ದಾಟುತ್ತಾರೆ. "ನಿನ್ನ ಪಾಲಿನ ನಗೂನೂ ನಾನೇ ನಗಬೇಕು ನೋಡು" ಎಂದು ಅವರು ತಮಾಷೆ ಮಾಡುತ್ತಿದ್ದರು. ನಮ್ಮ ಮನೆಗೆ ಹಾಲು ಹಾಕುವವನ ಜೊತೆಗಂತೂ ಅವರದು ದಿನಾ ಬೆಳಿಗ್ಗೆ ಕಾಲು ಗಂಟೆ ಪಂಚಾಯಿತಿ. ಅವನು ಹನ್ನೊಂದು ಜನರಲ್ಲಿ ಒಬ್ಬ. ನನ್ನನ್ನು ಅಕ್ಕ ಎನ್ನುತ್ತಿದ್ದ, ಅವರನ್ನು ಭಾವ ಎನ್ನುತ್ತಿದ್ದ. ನಾನು ಅವನನ್ನು ತಮ್ಮ ಎಂದೇ ಕರೆಯುತ್ತಿದ್ದೆ. ಹಾಗೆಂದು ಬಿಟ್ಟವಳಲ್ಲ, ಅವನ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಸುತ್ತಿದ್ದೆ. ಅದು ಹಾಲಿನಲ್ಲಿ ತೇಲುವ ಗಾಜಿನ ಕೊಳವೆ. ಒಳ್ಳೆಯ ಹಾಲಿನಲ್ಲಿ ಮೂವತ್ತರ ಆಸುಪಾಸಿಗೆ ನಿಲ್ಲುತ್ತದೆ, ನೀರು ಬಿದ್ದಿದ್ದರೆ ಕೆಳಗೆ ಮುಳುಗಿ ಇಪ್ಪತ್ತು ಇಪ್ಪತ್ತೆರಡು ತೋರಿಸುತ್ತದೆ. ತಮ್ಮನ ಹಾಲು ಎಂದೂ ಮೂವತ್ತಕ್ಕಿಂತ ಇಳಿದದ್ದಿಲ್ಲ.

ಅವನದೊಂದೇ ಅಲ್ಲ, ನನ್ನ ವಿಭಾಗದ ಎಲ್ಲರದೂ. ಎರಡನೆಯ ವರ್ಷದಿಂದ ಈಚೆಗೆ ಒಂದು ಮಾದರಿಯೂ ಕೆಟ್ಟದ್ದಲ್ಲ. ಕಚೇರಿಯವರು ಒಂದು ಪ್ರಶಸ್ತಿಪತ್ರ ಕೊಟ್ಟರು, ‘ನಗರದಲ್ಲೇ ಅತ್ಯಂತ ಶುದ್ಧ ಹಾಲಿನ ವಿಭಾಗ’ ಎಂದು. ನಮ್ಮವರೇ ಅದಕ್ಕೆ ಚೌಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ, ಆ ಕಿಟಕಿಯ ಮೇಲೆಯೇ, ಮೊಳೆ ಹೊಡೆದು ತೂಗುಹಾಕಿದರು. ಹಾಲಿನವರಿಗೆ ನನ್ನ ಹೆದರಿಕೆ ಇದೆ ಎಂದು ನಾನು ಬೀಗಿದೆ.

ಮಗಳನ್ನು ಕೊಟ್ಟದ್ದು ಎರಡು ಬೀದಿ ಆಚೆ. ಅಳಿಯನ ಕೆಲಸ ದೂರದ ಕಾರ್ಖಾನೆಯಲ್ಲಿ, ತಿಂಗಳಿಗೊಮ್ಮೆ ಬರುತ್ತಾನೆ. ಮನೆಯಲ್ಲಿರುವುದು ಮಗಳು, ಅವಳ ಅತ್ತೆ, ಹತ್ತು ತಿಂಗಳ ಹೆಣ್ಣುಮಗು. ಮಗುವನ್ನು ನಾವು ಗುಬ್ಬಿ ಎನ್ನುತ್ತೇವೆ. ಐದನೇ ತಿಂಗಳಲ್ಲಿ ಮಗಳಿಗೆ ಜ್ವರ ಬಂದು ಎದೆಹಾಲು ನಿಂತುಹೋಯಿತು. "ನಮ್ಮ ತಮ್ಮನ ಹತ್ರಾನೇ ಹಾಕಿಸ್ಕೋ" ಎಂದು ನಮ್ಮವರೇ ಹೋಗಿ ಹಾಲು ಗೊತ್ತು ಮಾಡಿಕೊಟ್ಟು ಬಂದರು.

ಗುಬ್ಬಿ ಬೆಳೆಯಲಿಲ್ಲ. ಆಸ್ಪತ್ರೆಯಲ್ಲಿ ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿದಾಗ ಮುಳ್ಳು ಹಿಂದಿನ ತಿಂಗಳು ನಿಂತ ಕಡೆಯೇ ನಿಂತಿತು. ಡಾಕ್ಟರಮ್ಮ ಕನ್ನಡಕ ತೆಗೆದು, "ಹಾಲಿಗೆ ನೀರು ಬೆರೆಸ್ತೀರಾ?" ಎಂದು ಮಗಳನ್ನು ಕೇಳಿದರು.

"ಇಲ್ಲ ಡಾಕ್ಟ್ರೇ, ಒಂದು ಹನೀನೂ ಇಲ್ಲ."

"ಬೆರೆಸದೇ ಇದ್ರೆ ಮಗು ಹೀಗಿರಲ್ಲಮ್ಮ. ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಇನ್ನೊಂದು ತಿಂಗಳು ಹೀಗೇ ಆದ್ರೆ ವಾರ್ಡಿಗೆ ಸೇರಿಸ್ಬೇಕಾಗುತ್ತೆ."

ಬೀಗಿತ್ತಿ ನನ್ನ ಪಕ್ಕದಲ್ಲೇ ನಿಂತಿದ್ದರು. "ಅಡುಗೆಮನೇಲಿ ಇರೋಳು ಅವಳು. ನಾನೇನು ಕಂಡೆ? ಒಂದು ಲೀಟರ್ ಹಾಲು ಸಂಜೆವರೆಗೂ ಹೆಂಗೆ ಬರುತ್ತೆ ಅಂತ ನಂಗೂ ಆಶ್ಚರ್ಯಾನೇ" ಎಂದು ಗೋಡೆಯ ಕಡೆ ನೋಡಿ ಹೇಳಿದರು. ಮಗಳು ಮಗುವಿಗೆ ಅಂಗಿ ತೊಡಿಸುತ್ತಿದ್ದಳು. ಗುಂಡಿ ಹಾಕುವ ಬೆರಳು ನಿಂತವು.

ಮಾರನೆಯ ಬೆಳಿಗ್ಗೆ ಅವಳು ಹಾಲು ತುಂಬಿದ ಪಾತ್ರೆ ಹಿಡಿದು ನಮ್ಮ ಮನೆಗೆ ಬಂದಳು. "ಅಮ್ಮಾ, ಪರೀಕ್ಷೆ ಮಾಡು" ಎಂದಳು. ಮುಂದಿನ ಕೋಣೆಯ ಮೇಜಿನ ಮೇಲೆ ಎರಡು ಲೋಟ ಇಟ್ಟೆ. ಅವಳ ಮನೆಯ ಹಾಲು ಇಪ್ಪತ್ತೊಂದು. ನಮ್ಮ ಮನೆಯ ಹಾಲು ಮೂವತ್ತು. ಒಬ್ಬನೇ ಹಾಲಿನವನು, ಒಂದೇ ಬೆಳಿಗ್ಗೆ, ಎರಡು ಬೀದಿ ಅಂತರ. ನನಗೆ ಕಾಣಿಸಿದ ಉತ್ತರ ಒಂದೇ.

"ಅತ್ತೆಗೆ ಟೀಗೆ ಸಾಲಲ್ಲ ಅಂತ ಬೆರೆಸ್ತಿದೀಯಾ? ನಿಜ ಹೇಳು."

"ನಾನು ಬೆರೆಸಿಲ್ಲಮ್ಮ."

"ನನ್ನ ಕೈಲಿರೋದು ಸುಳ್ಳು ಹೇಳಲ್ಲ. ಹೆತ್ತ ಮಗಳ ಬಾಯಿಂದ ಕದೀತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಇಂಥ ಮಾತನ್ನು ನಾನು ಯಾವ ಕಳ್ಳ ಹಾಲಿನವನಿಗೂ ಆಡಿರಲಿಲ್ಲ. ಮಗಳು ಅಳಲಿಲ್ಲ. "ಹಾಲಿನೋರು ಹೇಳೋದನ್ನಾದ್ರೂ ಪೂರ್ತಿ ಕೇಳ್ತೀಯ, ಅಮ್ಮಾ. ನನ್ನ ಮಾತು ಕೇಳಲ್ಲ" ಎಂದಳು. ಪಾತ್ರೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು. ನಮ್ಮವರು ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಪೇಪರು ಓದುತ್ತ ಕೂತಿದ್ದರು. ಎದ್ದು ಬಂದು ಎರಡು ಲೋಟಗಳನ್ನೂ ನೋಡಿದರು. "ಬಿಡು, ಬೆಳೆಯೋ ಮಗು, ತಾನಾಗೇ ಸರಿಹೋಗುತ್ತೆ" ಎಂದು ಒಳಗೆ ಹೋದರು.

ಮೂರನೆಯ ದಿನ ಬೀಗಿತ್ತಿಯ ಫೋನು ಬಂತು. ಮಗನಿಗೆ ತಿಳಿಸಿದ್ದಾರಂತೆ. ಅವನು ಬಂದ ಮೇಲೆ ಗುಬ್ಬಿಯನ್ನು ತಾವೇ ಇಟ್ಟುಕೊಂಡು ಸಾಕುತ್ತಾರಂತೆ. "ನಿಮ್ಮ ಮಗಳು ಸ್ವಲ್ಪ ದಿನ ನಿಮ್ಮಲ್ಲೇ ಇರಲಿ. ಮಗು ಉಳೀಬೇಕಲ್ಲ" ಎಂದರು. ತಪ್ಪು ಮಾಡಿದ್ದಾಳೋ ಇಲ್ಲವೋ, ಮಗುವನ್ನು ತಾಯಿಯಿಂದ ಕಿತ್ತುಕೊಳ್ಳುವುದೆಂದರೆ ಸುಮ್ಮನೆ ಮಾತೇ?

ಮರುದಿನ ಬೆಳಿಗ್ಗೆ ಆರಕ್ಕೆ ಚೀಲಕ್ಕೆ ಲ್ಯಾಕ್ಟೋಮೀಟರ್ ಹಾಕಿಕೊಂಡು ಮಗಳ ಬೀದಿಗೆ ಹೋದೆ. ಸುಳ್ಳೇಕೆ ಹೇಳಲಿ, ನಾನು ಹೋದದ್ದು ಮಗಳನ್ನು ಹಿಡಿಯಲು. ನೀರು ಹಾಕುವಾಗ ಕೈ ಹಿಡಿದು, ನಾಲ್ಕು ಬೈದು, ಇನ್ನು ಮಾಡಬೇಡ ಎಂದು ಬೇಡಿಕೊಂಡು, ವಿಷಯವನ್ನು ಅಲ್ಲೇ ಮುಚ್ಚಿಹಾಕೋಣ ಎಂದು.

ತಮ್ಮನ ಸೈಕಲ್ಲು ಬಾಗಿಲ ಮುಂದೆ ನಿಂತಿತ್ತು. ಎರಡು ದೊಡ್ಡ ಕ್ಯಾನು, ಹ್ಯಾಂಡಲ್ಲಿಗೆ ತೂಗುಹಾಕಿದ ಒಂದು ಸಣ್ಣ ಕ್ಯಾನು. ಅವನು ದೊಡ್ಡ ಕ್ಯಾನಿನಿಂದ ಅಳೆದು ಮಗಳ ಪಾತ್ರೆಗೆ ಸುರಿದ. ಅವಳು ಹೊಸ್ತಿಲು ದಾಟುವ ಮೊದಲೇ ನಾನು ಪಾತ್ರೆ ಕಿತ್ತುಕೊಂಡು, ಜಗಲಿಯ ಮೇಲಿಟ್ಟು, ಕೊಳವೆ ಇಳಿಸಿದೆ. ಮುಳುಗಿತು. ಇಪ್ಪತ್ತೊಂದು. ಸಣ್ಣ ಕ್ಯಾನಿನ ಮುಚ್ಚಳ ತೆಗೆದು ಅದಕ್ಕೂ ಇಳಿಸಿದೆ. ಮೂವತ್ತು.

"ಈ ಸಣ್ಣದು ಯಾರಿಗೆ?"

"ಅದು ನಿಮ್ಮನೇದು ಅಕ್ಕಾ" ಎಂದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮೋಸಹೋದವನು ಅವನೇ ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದ. "ಇದೇನಕ್ಕಾ ಹಿಂಗೆ ಮಾಡಿಬಿಟ್ರಿ? ನಿನ್ನೆ ಕಿಟಕೀಲಿ ಬಾಟಲಿ ಇರಲೇ ಇಲ್ವಲ್ಲ."

"ಏನು ಬಾಟಲಿ?"

"ಅದೇ, ನೀವು ಬಿಸಿಲಿಗಿಡೋದು. ಬಾಟಲಿ ಕಂಡ್ರೆ ಮಾರನೇ ದಿನ ಹುಷಾರು ಅಂತ ಭಾವ ಹೇಳಿದ್ರಲ್ಲ, ಇಪ್ಪತ್ತು ವರ್ಷ ಆಯ್ತು. ನಾನೇ ಎಲ್ಲರಿಗೂ ಹೇಳ್ತೀನಿ. ನಿಮಗೆ ಗೊತ್ತಿಲ್ವಾ? ನಾವೆಲ್ಲ ನೀವೇ ಹೇಳ್ಸಿದ್ದು ಅಂದ್ಕೊಂಡಿದೀವಿ. ಒಳ್ಳೇ ಹೆಂಗಸು, ಮೊದಲೇ ಸೂಚನೆ ಕೊಡ್ತಾರೆ, ಯಾರ ಹೊಟ್ಟೆ ಮೇಲೂ ಹೊಡೆಯಲ್ಲ ಅಂತ."

ಹನ್ನೊಂದು ಜನರೂ ಇಪ್ಪತ್ತು ವರ್ಷ ನನ್ನನ್ನು ತಮ್ಮವಳೆಂದೇ ತಿಳಿದಿದ್ದರು. ಅದಕ್ಕೇ ಯಾರೂ ಮತ್ತೆ ತಳ್ಳಲಿಲ್ಲ. ನಾನು ಹೆದರಿಕೆ ಎಂದುಕೊಂಡದ್ದು ಹೆದರಿಕೆಯಾಗಿರಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮಾದರಿ ತೆಗೆಯಲು ನನ್ನ ಹತ್ತಿರ ಬಾಟಲಿ ಇರಲಿಲ್ಲ, ಸಾಕ್ಷಿಗೆ ಬೀದಿಯಲ್ಲಿ ಒಂದು ಜೀವವೂ ಇರಲಿಲ್ಲ, ಬೀಗಿತ್ತಿ ಇನ್ನೂ ಎದ್ದಿರಲಿಲ್ಲ. ತಮ್ಮ ಸೈಕಲ್ಲೇರಿ ಹೋದ.

ಮನೆಗೆ ಬಂದಾಗ ನಮ್ಮವರು ಟೀ ಕುಡಿಯುತ್ತಿದ್ದರು. ಚಪ್ಪಲಿ ಬಿಡದೆಯೇ ಎದುರಿಗೆ ನಿಂತೆ.

"ಅಡುಗೆಮನೆ ಕಿಟಕೀಲಿ ಬಿಸಿಲು ಬರ್ತಿರಲಿಲ್ವಾ?"

ಮೂವತ್ತು ವರ್ಷದ ಸಂಸಾರ. ಎರಡನೆಯ ಸಲ ಕೇಳಬೇಕಾಗಲಿಲ್ಲ. ಲೋಟ ಕೆಳಗಿಟ್ಟರು.

"ನಿನ್ನ ಕೈ ಮುರಿದ ದಿನ ಆಸ್ಪತ್ರೆ ಬೆಂಚಲ್ಲಿ ಕೂತಿದ್ನಲ್ಲ, ಅವತ್ತು ನನ್ನ ಜೀವ ನನ್ನ ಹತ್ರ ಇರಲಿಲ್ಲ ಕಣೇ. ಕೈ ಆಯ್ತು, ಮುಂದೆ ತಲೆ ಆದ್ರೆ? ಕೆಲಸ ಬಿಡು ಅಂದ್ರೆ ನೀನು ಬಿಡೋಳಲ್ಲ. ಅವರಿಗೆ ಮೊದಲೇ ಗೊತ್ತಾದ್ರೆ ಅವರೂ ಸಿಕ್ಕಲ್ಲ, ನಿಂಗೂ ಏಟು ಬೀಳಲ್ಲ ಅಂತ. ಅಷ್ಟೇ. ಒಂದು ಲೋಟ ಹಾಲು ಪುಕ್ಕಟೆ ತಗೊಂಡಿಲ್ಲ ನಾನು."

"ಮೊನ್ನೆ ಮಗಳು ಇಲ್ಲೇ ನಿಂತಿದ್ಲು. ಕದೀತೀಯಾ ಅಂದೆ ನಾನು ಅವಳಿಗೆ. ಆಗ ನೀವು ಪೇಪರಲ್ಲಿ ಏನು ಓದ್ತಿದ್ರಿ?"

ಅವರು ತಲೆ ತಗ್ಗಿಸಿದರು. "ಮಗಳ ಮನೆಗೂ ಒಳ್ಳೇದೇ ಹಾಕು ಅಂತ ಅವನಿಗೆ ಹೇಳಿದ್ದೆ. ಹಾಕ್ತಿದಾನೆ ಅಂದ್ಕೊಂಡಿದ್ದೆ."

"ಎರಡು ಲೋಟಾನೂ ನೋಡಿದ್ರಿ. ಇಪ್ಪತ್ತೊಂದು ಕಾಣಿಸ್ಲಿಲ್ವಾ ನಿಮಗೆ?"

ಹೊರಗಿನವರು ತಳ್ಳಿದರೆ ಕೈ ಮುರಿಯುತ್ತದೆ, ಪಟ್ಟಿ ಕಟ್ಟಬಹುದು. ಇದಕ್ಕೆ ಎಲ್ಲಿ ಪಟ್ಟಿ ಕಟ್ಟಲಿ? ಗೋಡೆಯ ಮೇಲಿನ ಪ್ರಶಸ್ತಿಪತ್ರ ಕಣ್ಣಿಗೆ ಬಿತ್ತು. ಅದಕ್ಕೆ ಚೌಕಟ್ಟು ಹಾಕಿಸುವಾಗ ಈ ಮನುಷ್ಯ ಒಳಗೊಳಗೇ ನಕ್ಕಿರಬೇಕು ಎಂದು ಅನಿಸಿತು. ಅವರು ನಿಜಕ್ಕೂ ಅಳುತ್ತಿದ್ದರು. ಮೂಗು ಒರೆಸಿಕೊಂಡು, "ಗುಬ್ಬಿ ಮೇಲೆ ಆಣೆ, ಇನ್ನು ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗಲ್ಲ" ಎಂದರು. ನಾನು ನಂಬಿದೆ. ಸಿಟ್ಟಿನವರ ಕಥೆಯೇ ಇಷ್ಟು, ಕೂಗಿ ಮುಗಿಸಿದ ಮೇಲೆ ಯಾರನ್ನು ಬೇಕಾದರೂ ನಂಬುತ್ತೇವೆ.

ಅವತ್ತಿನಿಂದ ನಮ್ಮ ಮನೆಯ ಹಾಲನ್ನು ನಾನೇ ಗುಬ್ಬಿಗೆ ಒಯ್ದು ಕೊಟ್ಟೆ. ಬೀಗಿತ್ತಿಗೆ ನಡೆದದ್ದು ಹೇಳಿದೆ, ನಮ್ಮವರ ವಿಷಯ ಒಂದು ಬಿಟ್ಟು. ಅವರು ನಂಬಲಿಲ್ಲ. "ಹೆತ್ತೋರು ಮಗಳ ಪರ ಮಾತಾಡೋದು ಇದ್ದಿದ್ದೇ. ಮೊಹರು ಒತ್ತಿ ತೋರಿಸಿ, ಆಗ ಒಪ್ತೀನಿ" ಎಂದರು. ಹೇಳಿದ್ದು ನ್ಯಾಯವೇ. ನಾನೂ ಕೆಲಸದಲ್ಲಿ ಯಾರನ್ನೂ ಬರೀ ಮಾತಿನ ಮೇಲೆ ನಂಬಿದವಳಲ್ಲ.

ತಮ್ಮ ಒಂದು ವಾರ ಮಗಳ ಮನೆಗೂ ಗಟ್ಟಿ ಹಾಲು ಹಾಕಿದ. ಎಂಟನೆಯ ದಿನ ಮಗಳು ಫೋನು ಮಾಡಿ, "ಮತ್ತೆ ತೆಳ್ಳಗಾಯ್ತು" ಎಂದಳು. ಭಾನುವಾರ ಅಳಿಯ ಬರುವವನಿದ್ದ. ಭಾನುವಾರವೇ ಎಂದು ನಿಶ್ಚಯಿಸಿದೆ. ಅವನ ಕಣ್ಣೆದುರೇ ಮಾದರಿ ತೆಗೆದರೆ ಮಗುವನ್ನು ಕಿತ್ತುಕೊಳ್ಳುವ ಮಾತು ಅಲ್ಲಿಗೇ ನಿಲ್ಲುತ್ತದೆ.

ಶನಿವಾರ ಬಾಟಲಿಗಳನ್ನು ನಮ್ಮ ಮನೆಗೆ ತರಲಿಲ್ಲ. ಕಚೇರಿಯಿಂದ ನೇರ ಮಗಳ ಮನೆಗೆ ಒಯ್ದು, ಅವಳ ಬಚ್ಚಲಲ್ಲಿ ತೊಳೆದು, ಹಿಂದಿನ ಕೋಣೆಯಲ್ಲಿ ಬಟ್ಟೆ ಹಾಸಿ ಇಟ್ಟೆ. ಸಂಜೆ ನಾನು ಬಗ್ಗುವ ಮೊದಲೇ ಮಗಳು ಬಟ್ಟೆ ಮುಟ್ಟಿ ನೋಡಿದಳು. "ಒಣಗಿದೆ" ಎಂದಳು. ಜಗಳದ ನಂತರ ಅವಳಾಗಿ ಎದುರಿಗೆ ನಿಂತು ಆಡಿದ ಮೊದಲ ಮಾತು ಅದು.

ಮನೆಗೆ ಬಂದು ಅರಗಿನ ಕಡ್ಡಿ, ಮೊಹರು, ದಾರ, ಅಂಟುಚೀಟಿಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ನಮ್ಮವರು ಬಾಗಿಲ ಹತ್ತಿರ ನಿಂತು ನೋಡಿದರು.

"ನಾಳೆನಾ?"

"ಹೂಂ" ಎಂದೆ. ಅಷ್ಟೇ. ಅವರಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ.

ಭಾನುವಾರ ಇನ್ನೂ ಕತ್ತಲಿರುವಾಗಲೇ ಮನೆಯಿಂದ ಹೊರಟು ನಾನು ಮಗಳ ಬಾಗಿಲಲ್ಲಿ ಸಿದ್ಧಳಾಗಿ ನಿಂತೆ. ಸಾಕ್ಷಿಗೆ ಎದುರುಮನೆಯ ದರ್ಜಿಯನ್ನು ಕರೆದಿದ್ದೆ. ಅಳಿಯ ಬಂದಿದ್ದ, ಪ್ರಯಾಣದ ಅಂಗಿಯಲ್ಲೇ ಇದ್ದ. ಬೀಗಿತ್ತಿ ಮಗುವನ್ನು ಎತ್ತಿಕೊಂಡಿದ್ದರು. ತಮ್ಮ ಬಂದ. ನಮ್ಮ ಗುಂಪು ಕಂಡರೂ ಬ್ರೇಕು ಹಿಡಿಯುವ ಕೈ ತಡವರಿಸಲಿಲ್ಲ. ಅವನೇ ಮೂರು ಕ್ಯಾನನ್ನೂ ಇಳಿಸಿ ಸಾಲಾಗಿಟ್ಟ.

"ತಗೊಳ್ಳಿ ಅಕ್ಕಾ, ಯಾವುದು ಬೇಕೋ ನೋಡಿ."

ನನಗೆ ಆಗಲೇ ಗೊತ್ತಾಯಿತು. ಆದರೂ ಇಳಿಸಿದೆ. ಮೊದಲನೆಯದು ಮೂವತ್ತು. ಎರಡನೆಯದು ಮೂವತ್ತು. ಸಣ್ಣದು ಮೂವತ್ತೊಂದು. ಅವತ್ತು ಆ ಬೀದಿಯ ಎಲ್ಲ ಮನೆಗಳೂ ಒಳ್ಳೆಯ ಹಾಲು ಕುಡಿದವು.

"ಹಾಲು ಸರಿಯಾಗೇ ಇದೆಯಲ್ಲ" ಎಂದರು ಬೀಗಿತ್ತಿ. "ಹಂಗಾದ್ರೆ ಇಷ್ಟು ದಿನ ನೀರು ಎಲ್ಲಿಂದ ಬಂತು?"

"ಒಳಗೆ ಏನಾಗುತ್ತೋ ನಂಗೇನು ಗೊತ್ತಮ್ಮ. ಅಳೆದು ಹಾಕೋವರೆಗೆ ನಂದು" ಎಂದ ತಮ್ಮ.

ಅಳಿಯ ಹೆಂಡತಿಯ ಮುಖ ನೋಡಿದ. ಬಹಳ ಹೊತ್ತು ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಅಪ್ಪನಿಗೆ ಹೇಳಿದ್ಯಾ?" ಎಂದು ಕೇಳಿದಳು.

"ಹೂಂ."

ಬೀಗಿತ್ತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಮಗಳು ಕೈ ಚಾಚಿದ್ದಳು, ಅವರು ಕೊಡಲಿಲ್ಲ.

ನಾನು ಕ್ರಮ ತಪ್ಪಿಸಲಿಲ್ಲ. ಆ ಒಳ್ಳೆಯ ಹಾಲನ್ನೇ ಬಾಟಲಿಗೆ ತುಂಬಿ, ದಾರ ಸುತ್ತಿ, ಮೊಹರು ಒತ್ತಿದೆ. ಬಿಸಿ ಅರಗು ಬೆರಳಿಗೆ ತಗುಲಿದ್ದು ಆಮೇಲೆ ಗೊತ್ತಾಯಿತು. ಚೀಲ ಅಲ್ಲೇ ಬಿಟ್ಟು ನಮ್ಮ ಬೀದಿಗೆ ನಡೆದೆ. ದೂರದಿಂದಲೇ ಕಂಡಿತು. ಮುಂದಿನ ಕಿಟಕಿಯಲ್ಲಿ ಬಿಳೀ ಬಟ್ಟೆ, ಅದರ ಮೇಲೆ ಬಾಯಿ ಕೆಳಗಾದ ಆರು ಬಾಟಲಿ. ನನ್ನವಲ್ಲ. ಎಣ್ಣೆಯ ಬಾಟಲಿ, ಕೆಮ್ಮಿನ ಔಷಧದ ಎರಡು ಬಾಟಲಿ, ಜಾಮಿನದು, ಇನ್ಯಾವುದೋ ಎರಡು. ಲೆಕ್ಕ ಮಾತ್ರ ಆರಕ್ಕೆ ಸರಿಯಾಗಿತ್ತು.

ನಮ್ಮವರು ಪಕ್ಕದ ಕುರ್ಚಿಯಲ್ಲಿದ್ದರು. "ನಾನು ಯಾರಿಗೂ ಒಂದು ಮಾತೂ ಹೇಳಿಲ್ಲ ಕಣೇ" ಎಂದರು. "ನಿನ್ನೆ ಸಂಜೆ ನೀನು ಅಡುಗೆಮನೇಲಿದ್ದಾಗ, ಅವನು ಈ ದಾರೀಲಿ ಬರೋ ಹೊತ್ತಿಗೆ ಇಟ್ಟೆ, ಅಷ್ಟೇ. ಅವನು ಜೈಲಿಗೆ ಹೋದ್ರೆ ಅವನ ಕಡೆಯವರು ನಿನ್ನ ಸುಮ್ನೆ ಬಿಡ್ತಾರಾ? ಮಗಳ ವಿಷಯ ನಾನು ಬೀಗರ ಹತ್ರ ಮಾತಾಡಿ ಸರಿ ಮಾಡ್ತೀನಿ. ನಾನು ಹೇಳಿದ್ರೆ ಕೇಳ್ತಾರೆ."

"ಗುಬ್ಬೀನ ಅವಳ ಕೈಗೆ ಕೊಡ್ತಿಲ್ಲ ಅಲ್ಲಿ" ಎಂದೆ. ನನ್ನ ದನಿ ಏರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬರಬೇಕಾದ ಜಾಗದಲ್ಲಿ ಬರಲಿಲ್ಲ. ಅಭ್ಯಾಸಬಲದಿಂದ ಕೈ ಚಾಚಿ ಬಟ್ಟೆ ಮುಟ್ಟಿದೆ. ಒದ್ದೆಯಾಗಿತ್ತು. ಇಪ್ಪತ್ತು ವರ್ಷ ನನ್ನ ಬಾಟಲಿ ಹೊತ್ತು ಕಿಟಕಿಗಿಟ್ಟ ಮನುಷ್ಯ ಅವು ಯಾಕೆ ಒಣಗಬೇಕು ಎಂಬುದನ್ನೇ ತಲೆಗೆ ಹಾಕಿಕೊಂಡಿರಲಿಲ್ಲ.

ಆ ಬಟ್ಟೆಯ ನಾಲ್ಕು ತುದಿ ಹಿಡಿದು ಬಾಟಲಿಗಳನ್ನು ಗಂಟು ಕಟ್ಟಿದೆ. ಒಳ್ಳೆಯ ಕೈಯಲ್ಲಿ ಅದನ್ನು ಹಿಡಿದು ಬೀದಿಯ ನಡುವೆ ನಡೆದೆ. ನಮ್ಮವರು ಬಾಗಿಲವರೆಗೆ ಬಂದು, "ಎಲ್ಲಿಗೆ? ನಾಲ್ಕು ಜನ ನೋಡ್ತಾರೆ" ಎಂದರು. ನೋಡಲಿ ಎಂದುಕೊಂಡೆ.

ಅಳಿಯ, ಬೀಗಿತ್ತಿ ಇಬ್ಬರೂ ನಡುಮನೆಯಲ್ಲಿದ್ದರು. ಮಗಳ ಬಟ್ಟೆಯ ಪೆಟ್ಟಿಗೆ ಆಗಲೇ ಬಾಗಿಲ ಹತ್ತಿರ ಬಂದಿತ್ತು. ಗಂಟನ್ನು ಅವರ ಮುಂದೆ ಬಿಚ್ಚಿದೆ. ಕಿಟಕಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಕೈ ಮುರಿದದ್ದು, ಬಿಸಿಲಿನ ನೆಪ, ಸಣ್ಣ ಕ್ಯಾನು, ಆಣೆ, ನಿನ್ನೆ ಸಂಜೆ. ಈ ಸಲ ನಮ್ಮವರನ್ನು ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ.

"ಆ ನೀರು ನಿಮ್ಮ ಹೆಂಡ್ತಿ ಹಾಕಿದ್ದಲ್ಲ" ಎಂದೆ ಅಳಿಯನಿಗೆ. "ನಮ್ಮನೆ ಕಿಟಕಿಯಿಂದ ಬಂದಿದ್ದು."

ಬೀಗಿತ್ತಿ ಒದ್ದೆ ಬಟ್ಟೆಯನ್ನೂ ಕೆಮ್ಮಿನ ಔಷಧದ ಬಾಟಲಿಯನ್ನೂ ನೋಡಿದರು. ನಾನು ಚೀಲದಿಂದ ಮಾದರಿಯ ಜೊತೆ ಕಳಿಸುವ ನಮೂನೆಯ ಹಾಳೆ ತೆಗೆದು, ಷರಾ ಬರೆಯುವ ಜಾಗದಲ್ಲಿ ಬರೆದೆ: ‘ಈ ವಿಭಾಗದ ಇಪ್ಪತ್ತು ವರ್ಷಗಳ ಹಾಲಿನ ಫಲಿತಾಂಶಗಳನ್ನು ನಂಬಬಾರದು. ಮಾರುವವರಿಗೆ ಮುನ್ಸೂಚನೆ ಹೋಗುತ್ತಿದ್ದುದು ತಪಾಸಣೆ ಮಾಡುವವಳ ಮನೆಯಿಂದ, ಅವಳ ಗಂಡನಿಂದ. ಮನೆಯೊಳಗೆ ಇದ್ದೂ ಇದನ್ನು ತಿಳಿಯದ ತಪ್ಪು ನನ್ನದು.’ ಕೆಳಗೆ ರುಜು ಹಾಕಿದೆ. ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು. ಒಣಬಾಟಲಿ ಎಂಬ ಹೆಸರೂ ಹೋಗುತ್ತದೆ.

ಬಾಗಿಲಲ್ಲೇ ನಿಂತಿದ್ದ ದರ್ಜಿ ರುಜು ಹಾಕಲು ಹಿಂಜರಿದ, ಅವನಿಗೂ ನಮ್ಮವರು ಬೇಕಾದವರು. ಅಳಿಯ ಹಾಳೆ ತೆಗೆದುಕೊಂಡು ಎರಡು ಸಲ ಓದಿದ. ಕೊನೆಗೆ ಸಾಕ್ಷಿಯ ಜಾಗದಲ್ಲಿ ತನ್ನ ಹೆಸರು ಬರೆದ. ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಒಳಗಿಟ್ಟು ಬಂದ. ಬೀಗಿತ್ತಿ ಗುಬ್ಬಿಯನ್ನು ಮಗಳ ಮಡಿಲಿಗೆ ಹಾಕಿದರು.

ನನಗೆ ಸಮಾಧಾನವಾಗಬೇಕಿತ್ತು. ಮಗಳು ಮಗುವಿನ ತಲೆ ಸವರುತ್ತ, ನನ್ನ ಕಡೆ ನೋಡದೆ, "ನೀನು ಅವತ್ತು ನನ್ನ ಮಾತು ನಂಬಿದ್ರೆ ಇದ್ಯಾವುದೂ ಬೇಕಿರಲಿಲ್ಲಮ್ಮ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಅಪ್ಪ ಸುಮ್ಮನಿದ್ದು ಕೈಬಿಟ್ಟರು, ನಾನು ಮಾತಾಡಿ ಕೈಬಿಟ್ಟೆ. ಅವಳಿಗೆ ಎರಡೂ ಒಂದೇ.

ಎದ್ದು ಅಡುಗೆಮನೆಗೆ ಹೋದೆ. ಮಗುವಿಗೆ ಹಾಲು ಕಾಯಿಸಿ ಆರಿಸಿದೆ. ಒಲೆಯ ಪಕ್ಕದ ಕಟ್ಟೆಯ ಮೇಲೆ ಬಿಳೀ ಬಟ್ಟೆ ಹಾಸಿತ್ತು. ಗುಬ್ಬಿಯ ಎರಡು ಹಾಲಿನ ಬಾಟಲಿಗಳು ಅದರ ಮೇಲೆ ಬಾಯಿ ಕೆಳಗಾಗಿ ನಿಂತಿದ್ದವು. ಬಟ್ಟೆ ಮುಟ್ಟಿದೆ, ತೇವವಿರಲಿಲ್ಲ. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಒಳಗೆ ಒಂದು ಹನಿ ನೀರಿರಲಿಲ್ಲ. ಚಿಕ್ಕಂದಿನಿಂದ ನನ್ನ ಪಕ್ಕದಲ್ಲಿ ನಿಂತು ನೋಡಿದ್ದಳಲ್ಲ, ಐದು ತಿಂಗಳಿಂದ ದಿನವೂ ಹೀಗೇ ಒಣಗಿಸಿದ್ದಾಳೆ. ಇಷ್ಟು ಸಲ ಆ ಮನೆಗೆ ಹೋಗಿ ಬಂದಿದ್ದರೂ ನಾನು ನೋಡಿದ್ದು ಅವತ್ತೇ.